ಅರ್ಥವಾಗದ ಭಾಷೆಯ ಮಾಟ: 'ಫೆಟಿಶ್' ಆಲ್ಬಮ್ ಮತ್ತು ಅದರ ಸ್ವೀಕಾರ

ಹಾಂಬುರ್ಗ್ ನಗರದ 'ಇಕ್ಸ್‌ಮಾಲ್ ಡಾಯ್ಚ್‌ಲಾಂಟ್' ತಂಡದ ಮೊದಲ ಆಲ್ಬಮ್ 'ಫೆಟಿಶ್' 1983ರಲ್ಲಿ ಲಂಡನ್ನಿನ ಫೋರ್ ಎ.ಡಿ. ಸಂಸ್ಥೆಯಿಂದ ಹೊರಬಂದಿತು. ಹತ್ತು ಹಾಡುಗಳು; ಹಾಡಿಕೆಯ ಭಾಷೆ ಜರ್ಮನ್. ಬ್ರಿಟನ್ನಿನ ಸ್ವತಂತ್ರ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನದವರೆಗೆ ಏರಿತು. ಅದೇ ವರ್ಷದ 'ಕ್ವಾಲ್' ಮತ್ತು 'ಇಂಕುಬುಸ್ ಸುಕ್ಕುಬುಸ್ 2' ಎಂಬ ಬಿಡಿ ಮುದ್ರಿಕೆಗಳೂ ಆ ಪಟ್ಟಿಯನ್ನು ಸೇರಿದವು. ಗಾಥಿಕ್ ರಾಕ್‌ನ ಚರಿತ್ರೆಯಲ್ಲಿ ಈ ಸಂಗತಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ತಂಡವು ಜರ್ಮನ್‌ನಲ್ಲಿ ಹಾಡಿದರೂ ಇಂಗ್ಲಿಷ್ ಕೇಳುಗರು ಅದನ್ನು ಒಪ್ಪಿಕೊಂಡರು. ಈ ಲೇಖನದ ಕುತೂಹಲವೆಲ್ಲ 'ಹಾಡಿದರೂ' ಎಂಬುದರ ಕೊನೆಯ ಆ ಪ್ರತ್ಯಯದ ಮೇಲಿದೆ. ಭಾಷೆಯು ದಾಟಬೇಕಾದ ಅಡ್ಡಿಯಾಗಿತ್ತು, ಸಂಗೀತದ ಬಲದಿಂದ ತಂಡ ಅದನ್ನು ದಾಟಿತು ಎಂಬ ಊಹೆ ಅದರೊಳಗಿದೆ. 'ಫೆಟಿಶ್' ಅನ್ನು ಮತ್ತೆ ಮತ್ತೆ ಕೇಳಿದಾಗ, ಅದು ಬಂದಿಳಿದ ಸನ್ನಿವೇಶವನ್ನು ಪರಿಶೀಲಿಸಿದಾಗ ನನಗೆ ತೋರುವುದು ಬೇರೆ. ಇಂಗ್ಲಿಷ್ ಕೇಳುಗರು ಈ ಆಲ್ಬಮನ್ನು ಮೆಚ್ಚಿದ್ದಕ್ಕೆ ಭಾಷೆ ಅರ್ಥವಾಗದಿದ್ದುದೇ ಒಂದು ಮುಖ್ಯ ಕಾರಣ. ಹಾಗಿದ್ದಲ್ಲಿ ಅದು ಆ ಭಾಷೆಗೆ ಸಂದ ಮನ್ನಣೆಯೇ ಎಂಬ ಪ್ರಶ್ನೆ ಏಳುತ್ತದೆ.

ಇಂಥದೊಂದು ವಿಷಯಕ್ಕೆ ಈ ಪತ್ರಿಕೆಯಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಮೊದಲೇ ಒಂದು ಮಾತು. ಜರ್ಮನ್ ಅಲ್ಪಸಂಖ್ಯಾತರ ಭಾಷೆಯಲ್ಲ. ಅದರ ಹಿಂದೆ ವಿಶ್ವವಿದ್ಯಾಲಯಗಳಿವೆ, ರಾಜ್ಯಗಳಿವೆ, ದೊಡ್ಡ ಪುಸ್ತಕೋದ್ಯಮವಿದೆ. ಆದರೆ ಯಾವ ಭಾಷೆಯೂ ಎಲ್ಲೆಡೆ ಬಹುಸಂಖ್ಯಾತವಲ್ಲ. 1980ರ ದಶಕದ ಲಂಡನ್ನಿನ ಸಂಗೀತ ಮಾರುಕಟ್ಟೆಯಲ್ಲಿ ಜರ್ಮನ್ ಗಡಿಯಾಚೆಯಿಂದ ಬಂದ ನೆಂಟನಾಗಿತ್ತು. ನೆಂಟನ ಮಾತನ್ನು ಆತಿಥೇಯ ಯಾವ ಕಿವಿಯಿಂದ ಕೇಳುತ್ತಾನೆ ಎಂಬುದು ಕಾಸರಗೋಡಿನಲ್ಲಿ, ಅಕ್ಕಲಕೋಟೆಯಲ್ಲಿ, ಮಡಕಶಿರಾದಲ್ಲಿ ಕನ್ನಡ ಬದುಕನ್ನು ಕುರಿತು ಯೋಚಿಸುವವರಿಗೆ ಹೊಸ ಪ್ರಶ್ನೆಯೇನಲ್ಲ.

ತಂಡ ಹುಟ್ಟಿದ್ದು 1980ರಲ್ಲಿ. ಮೊದಲಿಗೆ ಐವರೂ ಮಹಿಳೆಯರು: ಗಾಯಕಿ ಆನ್ಯಾ ಹೂವೆ, ಗಿಟಾರಿನ ಮಾನುಯೇಲಾ ರಿಕರ್ಸ್, ಕೀಬೋರ್ಡಿನ ಫಿಯೋನಾ ಸಾಂಗ್‌ಸ್ಟರ್, ಬಾಸ್ ಗಿಟಾರಿನ ರೀಟಾ ಸಿಮೋನ್, ಡ್ರಮ್ಸ್‌ನ ಕಾರೋ ಮೇ. 'ಫೆಟಿಶ್' ವೇಳೆಗೆ ಕೊನೆಯ ಇಬ್ಬರ ಜಾಗದಲ್ಲಿ ವೋಲ್ಫ್‌ಗಾಂಗ್ ಎಲ್ಲರ್‌ಬ್ರೋಕ್ ಮತ್ತು ಮಾನುಯೇಲಾ ತ್ಸ್‌ವಿಂಗ್‌ಮಾನ್ ಇದ್ದರು. ಹೆಸರಿನ ಅರ್ಥ 'ಎಷ್ಟೋ ಸಲ ಜರ್ಮನಿ', 'ಲೆಕ್ಕವಿಲ್ಲದಷ್ಟು ಬಾರಿ ಜರ್ಮನಿ'. ಬೇಸರ, ಅಣಕ, ಪುನರುಕ್ತಿ ಮೂರೂ ಸೇರಿದ ಹೆಸರು. ಯುದ್ಧಾನಂತರದ ಪಶ್ಚಿಮ ಜರ್ಮನಿಯಲ್ಲಿ ಬೆಳೆದ ತರುಣಿಯರು ತಮ್ಮ ದೇಶದ ಹೆಸರನ್ನು ಹೀಗೆ ಗುಣಿಸಿ ಹಣೆಗೆ ಹಚ್ಚಿಕೊಂಡದ್ದರ ವ್ಯಂಗ್ಯ ಅಲ್ಲಿಯ ಕೇಳುಗರಿಗೆ ತಾನಾಗಿ ತಟ್ಟುತ್ತಿತ್ತು. ಇಂಗ್ಲಿಷ್ ಕಾಲುವೆ ದಾಟುವಾಗ ಮೊದಲು ಉದುರಿಹೋದದ್ದು ಆ ವ್ಯಂಗ್ಯ. ಉಳಿದದ್ದು 'ಜರ್ಮನಿ' ಎಂಬ ಒಂದು ಪದ, ಅದರ ಹಿಂದೆ ಯುದ್ಧದ ಸಿನಿಮಾಗಳು ಕಟ್ಟಿಕೊಟ್ಟ ಚಿತ್ರಗಳ ಸಾಲು.

ಜರ್ಮನ್‌ನಲ್ಲಿ ಹಾಡುವುದು ಜರ್ಮನಿಯಲ್ಲಿ ಸಹಜವೇ ಅಲ್ಲವೆ ಎಂದು ನಮಗೆ ಅನಿಸಬಹುದು. ಸಹಜವಾಗಿರಲಿಲ್ಲ. ಯುದ್ಧದ ನಂತರದ ಎರಡು ಮೂರು ದಶಕಗಳಲ್ಲಿ ಜರ್ಮನ್ ಭಾಷೆಯ ಜನಪ್ರಿಯ ಗೀತೆ ಎಂದರೆ ಬಹುಮಟ್ಟಿಗೆ 'ಶ್ಲಾಗರ್' ಎಂಬ ಸಿಹಿಲೇಪದ ಹಾಡು. ರಾಕ್ ಸಂಗೀತದ ಭಾಷೆ ಇಂಗ್ಲಿಷ್ ಎಂಬುದು ತಂಡಗಳೂ ಕೇಳುಗರೂ ಒಪ್ಪಿದ ಏರ್ಪಾಡು. ಅಪವಾದಗಳು ಇದ್ದವು, ಆದರೆ ಅಪವಾದಗಳಾಗಿಯೇ ಇದ್ದವು. 1979ರಲ್ಲಿ ಜರ್ಮನಿಯ 'ಸೌಂಡ್ಸ್' ಪತ್ರಿಕೆಯಲ್ಲಿ ಆಲ್ಫ್ರೇಟ್ ಹಿಲ್ಸ್‌ಬೆರ್ಗ್ ಬರೆದ ಲೇಖನಮಾಲೆ 'ಹೊಸ ಜರ್ಮನ್ ಅಲೆ' ಎಂಬ ಹೆಸರನ್ನು ಚಲಾವಣೆಗೆ ತಂದಿತು. ಪಂಕ್‌ನ ಒತ್ತಾಸೆಯಿಂದ ಹಲವು ಊರುಗಳ ಹುಡುಗ ಹುಡುಗಿಯರು ತಮ್ಮ ಮನೆಮಾತಿನಲ್ಲಿ, ಶ್ಲಾಗರ್‌ನ ಸಿಹಿಯಿಲ್ಲದೆ, ಹಾಡಲು ತೊಡಗಿದ್ದರು. ಹಿಲ್ಸ್‌ಬೆರ್ಗ್ ಸ್ವತಃ ಹಾಂಬುರ್ಗಿನಲ್ಲಿ 'ತ್ಸಿಕ್‌ತ್ಸಾಕ್' ಎಂಬ ಮುದ್ರಣಸಂಸ್ಥೆ ನಡೆಸಿದ. ಇಕ್ಸ್‌ಮಾಲ್ ಡಾಯ್ಚ್‌ಲಾಂಟ್‌ನ ಮೊದಲ ಬಿಡಿ ಮುದ್ರಿಕೆ 'ಶ್ವಾರ್ತ್ಸೆ ವೆಲ್ಟ್' 1981ರಲ್ಲಿ ಅಲ್ಲಿಂದಲೇ ಬಂದಿತು. ಹೀಗಾಗಿ ಹಾಂಬುರ್ಗಿನಲ್ಲಿ ನಿಂತು ನೋಡಿದರೆ ಈ ತಂಡದ ಜರ್ಮನ್ ಒಂದು ಹಕ್ಕಿನ ಮಾತು: ಬಳಸಿ ಹಳಸಿದ, ಚರಿತ್ರೆಯಿಂದ ಕಳಂಕಿತವಾದ ಭಾಷೆಯನ್ನು ಮರಳಿ ತಮ್ಮದಾಗಿಸಿಕೊಳ್ಳುವ ಕೆಲಸ. ಅದೇ ಜರ್ಮನ್ 1982ರಲ್ಲಿ ಕಾಕ್ಟೋ ಟ್ವಿನ್ಸ್ ತಂಡದ ಜೊತೆ ಬ್ರಿಟನ್ ಸುತ್ತಿ, ಫೋರ್ ಎ.ಡಿ.ಯ ಜೊತೆ ಒಪ್ಪಂದಕ್ಕೆ ಬಂದು, ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋ ಹೊಕ್ಕಿತು. ಪದಗಳು ಒಂದೂ ಬದಲಾಗಲಿಲ್ಲ, ಬೆಲೆ ಪೂರ್ತಿ ಬದಲಾಯಿತು. ನಾಣ್ಯದ ವಿಷಯದಲ್ಲಿ ಇದನ್ನು ವಿನಿಮಯ ದರ ಎನ್ನುತ್ತೇವೆ. ಭಾಷೆಗೆ ಅಂಥದೊಂದು ಹೆಸರು ಇನ್ನೂ ಸಿಕ್ಕಿಲ್ಲ.

ಇನ್ನು ಆಲ್ಬಮ್. 'ಫೆಟಿಶ್' ಸುಂದರವಾದ ಕೃತಿಯೆಂದು ನಾನು ಹೇಳಲಾರೆ, ತೀವ್ರವಾದ ಕೃತಿ. ಐವೋ ವಾಟ್ಸ್-ರಸೆಲ್ ಮತ್ತು ಜಾನ್ ಫ್ರೈಯರ್ ತಂಡದೊಡನೆ ಸೇರಿ ಇದನ್ನು ನಿರ್ಮಿಸಿದರು. ಬಾಸ್ ಗಿಟಾರು ಮುಂದೆ ನಡೆಯುತ್ತದೆ. ಡ್ರಮ್ಸ್ ತಾಳ ಹಿಡಿಯುವುದಕ್ಕಿಂತ ಹೆಚ್ಚಾಗಿ ಬಡಿಯುತ್ತದೆ. ರಿಕರ್ಸ್‌ಳ ಗಿಟಾರು ರಾಗ ನುಡಿಸದೆ ಗಾಜಿನ ಮೇಲೆ ಲೋಹ ಎಳೆದಂತೆ ಗೀರುತ್ತದೆ. ಇವುಗಳ ಹಿಂದೆ ಕೀಬೋರ್ಡಿನ ತೆಳುವಾದ, ತಣ್ಣನೆಯ ಪದರ. ಎರಡನೆಯ ಬದಿಯಲ್ಲಿ ಈ ಸೂತ್ರ ಸ್ವಲ್ಪ ಬಳಲುತ್ತದೆ. ಒಂದೇ ವೇಗ, ಒಂದೇ ಸಾಂದ್ರತೆ. ಹಾಡಿನಿಂದ ಹಾಡನ್ನು ಬೇರ್ಪಡಿಸುವ ಗೆರೆ ಮಸುಕಾಗುತ್ತದೆ. ಆದರೆ ಆನ್ಯಾ ಹೂವೆಯ ಕಂಠ ಎಲ್ಲೂ ಬಳಲುವುದಿಲ್ಲ. ಆಕೆ ರಾಗವನ್ನು ಹಿಂಬಾಲಿಸುವ ಗಾಯಕಿಯಲ್ಲ. ಸ್ವರಾಕ್ಷರವನ್ನು ಎಳೆಯುತ್ತಾಳೆ, ವ್ಯಂಜನದ ಮೇಲೆ ಕತ್ತರಿಸುತ್ತಾಳೆ. ವಾಕ್ಯದ ಕೊನೆಯನ್ನು ಕೆಲವೊಮ್ಮೆ ಕೂಗಿಗೆ, ಕೆಲವೊಮ್ಮೆ ಉಸಿರಿಗೆ ಬಿಟ್ಟುಕೊಡುತ್ತಾಳೆ. ಪದಾಂತ್ಯದ ಘೋಷಾಕ್ಷರ ಅಘೋಷವಾಗುವ ಜರ್ಮನ್ ಉಚ್ಚಾರದ ನಿಯಮ ಇಲ್ಲಿ ತಾಳವಾದ್ಯದ ಕೆಲಸ ಮಾಡುತ್ತದೆ. 'ಡ' 'ಟ' ಆಗುವಲ್ಲೆಲ್ಲ ಒಂದು ಏಟು ಬೀಳುತ್ತದೆ.

ಹಾಡುಗಳ ಹೆಸರುಗಳನ್ನು ಸಾಲಾಗಿ ನೋಡುವುದು ಉಪಯುಕ್ತ. 'ಕ್ವಾಲ್' ಎಂದರೆ ಯಾತನೆ. 'ಗೆಹೈಮ್ನಿಸ್', ಗುಟ್ಟು. 'ಇನ್ ಡೇರ್ ನಾಖ್ಟ್', ರಾತ್ರಿಯಲ್ಲಿ. 'ಕೆಂಪ್‌ಫೆನ್', ಹೋರಾಡುವುದು. ಕೊನೆಯ ಹಾಡು 'ಶ್ಟುಮ್ಮೆಸ್ ಕಿಂಟ್', ಮೂಕ ಮಗು. ಇವುಗಳ ನಡುವೆ 'ಯಂಗ್ ಮ್ಯಾನ್' ಎಂಬ ನೇರ ಇಂಗ್ಲಿಷ್ ಹೆಸರು. 'ಓರಿಯೆಂಟ್' ಎಂಬ, ಎರಡೂ ಭಾಷೆಗಳಲ್ಲಿ ಒಂದೇ ಕಾಗುಣಿತದ ಪದ. ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಎರಡನೆಯ ಬದಿಯ ಮೊದಲ ಹಾಡಿನ ಹೆಸರು. ರೋಮನ್ ಲಿಪಿಯಲ್ಲಿ ಅದನ್ನು ಇಂಗ್ಲಿಷರು ಇಂಗ್ಲಿಷ್ ಎಂದೇ ಓದಬಹುದು, ಜರ್ಮನರು ಜರ್ಮನ್ ಎಂದೇ ಓದಬಹುದು. 'ಕೈಯಲ್ಲಿ ಕೈ' ಎಂಬ ಅರ್ಥವೂ ಎರಡರಲ್ಲೂ ಒಂದೇ. ಈ ಲೇಖನಕ್ಕಾಗಿ ಅದನ್ನು ಕನ್ನಡ ಲಿಪಿಗೆ ಇಳಿಸಲು ಹೊರಟಾಗ ಲೇಖನಿ ನಿಂತಿತು: 'ಹ್ಯಾಂಡ್ ಇನ್ ಹ್ಯಾಂಡ್' ಎನ್ನಬೇಕೆ, 'ಹಾಂಟ್ ಇನ್ ಹಾಂಟ್' ಎನ್ನಬೇಕೆ? ರೋಮನ್ ಲಿಪಿ ಮರೆಮಾಚುವ ಗಡಿಯನ್ನು ಕನ್ನಡ ಲಿಪಿ ಮರೆಮಾಚಲು ಒಪ್ಪುವುದಿಲ್ಲ. ಉಚ್ಚಾರ ಯಾವ ಕಡೆಯದು ಎಂದು ಕೇಳಿಯೇ ತೀರುತ್ತದೆ. ಲಂಡನ್ನಿನ ಕೇಳುಗ ಆಲ್ಬಮಿನ ಹೊದಿಕೆಯ ಮೇಲೆ ತನ್ನ ಭಾಷೆಯನ್ನು ಓದಿ, ಮುದ್ರಿಕೆಯೊಳಗೆ ಬೇರೆ ಭಾಷೆಯನ್ನು ಕೇಳಿದ.

ಇದರಿಂದ ಹೊಳೆಯುವ ಒಂದು ತಿದ್ದುಪಡಿಯನ್ನು ಇಲ್ಲೇ ಮಾಡಬೇಕು. 'ಅರ್ಥವಾಗದ ಭಾಷೆ' ಎಂಬುದು ಪೂರ್ತಿ ನಿಜವಲ್ಲ. ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಬುಡದ ಕೊಂಬೆಗಳು. 'ಇನ್ ಡೇರ್ ನಾಖ್ಟ್' ಎಂದಾಗ ಇಂಗ್ಲಿಷ್ ಕಿವಿಗೆ ರಾತ್ರಿಯ ಸುಳಿವು ಸಿಗದಿರಲು ಸಾಧ್ಯವಿಲ್ಲ. ಕೇಳುಗನ ಸ್ಥಿತಿ ಅಜ್ಞಾನವಲ್ಲ, ಅರೆಜ್ಞಾನ. ತೆಲುಗು ಕೇಳುವ ರಾಯದುರ್ಗದ ಕನ್ನಡಿಗನಿಗೆ, ತಮಿಳು ಕೇಳುವ ತಾಳವಾಡಿಯ ಕನ್ನಡಿಗನಿಗೆ ಈ ಅರೆಬೆಳಕು ಬಾಲ್ಯದಿಂದ ಪರಿಚಿತ. ಅಲ್ಲಿ ಆ ಅರೆಜ್ಞಾನ ದಿನನಿತ್ಯದ ವ್ಯವಹಾರದಲ್ಲಿ ಮೆಲ್ಲನೆ ಪೂರ್ತಿ ಜ್ಞಾನವಾಗುತ್ತದೆ, ಆಗಲೇಬೇಕು. ಸಂತೆಯಲ್ಲಿ ಸಾಮಾನು ಕೊಳ್ಳಬೇಕು. ಲಂಡನ್ನಿನ ಕೇಳುಗನಿಗೆ ಅಂಥ ಒತ್ತಾಯವಿರಲಿಲ್ಲ. ಅರೆಬೆಳಕನ್ನು ಅರೆಬೆಳಕಾಗಿಯೇ ಉಳಿಸಿಕೊಂಡು ಸವಿಯುವ ಅನುಕೂಲ ಅವನಿಗಿತ್ತು.

ಆ ಕೇಳುಗ ಯಾರು? 1982ರ ಬೇಸಿಗೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ 'ಬ್ಯಾಟ್‌ಕೇವ್' ಎಂಬ ಕ್ಲಬ್ಬು ತೆರೆದಿತ್ತು. 1983ರ ಫೆಬ್ರವರಿಯಲ್ಲಿ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ರಿಚರ್ಡ್ ನಾರ್ತ್ ಈ ಹೊಸ ಗುಂಪಿಗೆ 'ಪಾಸಿಟಿವ್ ಪಂಕ್' ಎಂಬ ಹೆಸರು ಕೊಡಲು ಯತ್ನಿಸಿದ. ಆ ಹೆಸರು ನಿಲ್ಲಲಿಲ್ಲ, 'ಗಾಥ್' ಎಂಬುದು ನಿಂತಿತು. ಅಂದರೆ 'ಫೆಟಿಶ್' ಬಂದದ್ದು ಈ ಪ್ರಕಾರಕ್ಕೆ ನಾಮಕರಣ ನಡೆಯುತ್ತಿದ್ದ ಹೊತ್ತಿನಲ್ಲಿ. ಹೊಸ ಪ್ರಕಾರಕ್ಕೆ ಲಕ್ಷಣಗಳು ಬೇಕಿದ್ದವು. ಕಪ್ಪು ಉಡುಪು, ಬಿಳಿ ಮುಖ, ಶೀತಲ ಧ್ವನಿ ಈಗಾಗಲೇ ಇದ್ದವು. ಜರ್ಮನ್ ಭಾಷೆ ತಾನಾಗಿ ಬಂದು ಸೇರಿತು. ಪತ್ರಿಕೆಗಳು ತಂಡವನ್ನು ಬಿಡದೆ ಸೂಜಿ ಆಂಡ್ ದ ಬ್ಯಾನ್‌ಶೀಸ್ ತಂಡದೊಡನೆ ಹೋಲಿಸಿದವು. ಹೋಲಿಕೆಗೆ ಆಧಾರವಿಲ್ಲದಿಲ್ಲ: 1981ರ 'ಜೂಜೂ' ಆಲ್ಬಮಿನ ಗಿಟಾರು ಮತ್ತು ಡ್ರಮ್ಸ್‌ನ ವಿನ್ಯಾಸ 'ಫೆಟಿಶ್'ನ ಹಿಂದೆ ಇರುವುದು ಯಾರಿಗೂ ಕೇಳಿಸುತ್ತದೆ. ಆದರೆ ಕೇಂದ್ರದಲ್ಲಿ ಒಬ್ಬಳನ್ನು ನಿಲ್ಲಿಸಿ ಅಂಚಿನಿಂದ ಬಂದವಳನ್ನು ಅವಳ ಅಳತೆಗೋಲಿನಿಂದಲೇ ಅಳೆಯುವ ಅಭ್ಯಾಸ ವಿಮರ್ಶೆಯ ಹಳೆಯ ಸೋಮಾರಿತನ. (ಕುವೆಂಪು ಅವರನ್ನು 'ಕನ್ನಡದ ವರ್ಡ್ಸ್‌ವರ್ತ್' ಎಂದವರು ನಮ್ಮಲ್ಲೇ ಇದ್ದರು, ವರ್ಡ್ಸ್‌ವರ್ತ್‌ನನ್ನು 'ಇಂಗ್ಲಿಷಿನ ಕುವೆಂಪು' ಎಂದವರನ್ನು ನಾನು ಕಂಡಿಲ್ಲ.) ಹೂವೆಯ ಹಾಡಿಕೆಯಲ್ಲಿ ಸೂಜಿಯಲ್ಲಿಲ್ಲದ ಒಂದು ಗುಣವಿದೆ. ಸೂಜಿ ಹೆಚ್ಚಾಗಿ ಒಂದು ಪಾತ್ರವನ್ನು ಅಭಿನಯಿಸುತ್ತಾಳೆ. ಹೂವೆ ಪದವನ್ನೇ ಎದುರಿಗಿಟ್ಟು ಅದರೊಡನೆ ಸೆಣಸುತ್ತಾಳೆ. ಪದ ಗೊತ್ತಿಲ್ಲದ ಕಿವಿಗೆ ಈ ವ್ಯತ್ಯಾಸ ಕಾಣದು.

ಪಟ್ಟಿಯ ಮೂರನೆಯ ಸ್ಥಾನದ ಬಗ್ಗೆಯೂ ಎಚ್ಚರ ಬೇಕು. ಸ್ವತಂತ್ರ ಮುದ್ರಿಕೆಗಳ ಪಟ್ಟಿ 1980ರ ಜನವರಿಯಲ್ಲಿ ಆರಂಭವಾದದ್ದು. ದೊಡ್ಡ ಕಂಪನಿಗಳ ವಿತರಣಾ ಜಾಲದ ಹೊರಗೆ ಮಾರಾಟವಾದ ಮುದ್ರಿಕೆಗಳಿಗೆ ಮಾತ್ರ ಅಲ್ಲಿ ಪ್ರವೇಶ. ಸಂಗೀತದ ಶೈಲಿಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಅದು ಜನಸಾಮಾನ್ಯರ ಮೆಚ್ಚುಗೆಯ ಅಳತೆಯಲ್ಲ; ಕೆಲವು ಅಂಗಡಿಗಳಿಗೆ ಹೋಗುವ, ರೇಡಿಯೋದಲ್ಲಿ ಜಾನ್ ಪೀಲ್‌ನ ಕಾರ್ಯಕ್ರಮ ಕೇಳುವ ಒಂದು ನಿಶ್ಚಿತ ವರ್ಗದ ಅಭಿರುಚಿಯ ಅಳತೆ. ಪೀಲ್‌ಗಾಗಿ ತಂಡ ಹಲವು ಬಾರಿ ಹಾಡಿತ್ತು.

ಆ ವರ್ಗದ ಕಿವಿಯನ್ನು ತಿದ್ದಿದ್ದರಲ್ಲಿ ಫೋರ್ ಎ.ಡಿ.ಯ ಪಾತ್ರ ದೊಡ್ಡದು. 1980ರಲ್ಲಿ ಆರಂಭವಾದ ಈ ಸಂಸ್ಥೆಯ ಪ್ರಧಾನ ತಂಡವಾಗಿ ಬೆಳೆದ ಕಾಕ್ಟೋ ಟ್ವಿನ್ಸ್‌ನ ಗಾಯಕಿ ಎಲಿಜಬೆತ್ ಫ್ರೇಜರ್, ಸ್ಕಾಟ್ಲೆಂಡಿನವಳು, ಕ್ರಮೇಣ ಪದಗಳನ್ನು ಕರಗಿಸಿ ಧ್ವನಿಯಷ್ಟನ್ನೇ ಉಳಿಸುವ ಹಾಡಿಕೆಯತ್ತ ಹೋದಳು. ಬಲ್ಗೇರಿಯಾದ ಮಹಿಳಾ ಮೇಳಗಾನದ ಮುದ್ರಿಕೆಯೊಂದನ್ನು ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಸೆಲ್ಲಿಯೇ 1975ರಲ್ಲಿ ಹೊರತಂದಿದ್ದ. ಅದನ್ನು 1986ರಲ್ಲಿ ಮರುಪ್ರಕಟಿಸಿ ಇಂಗ್ಲಿಷ್ ಯುವಜನರ ಮನೆಗೆ ಮುಟ್ಟಿಸಿದ್ದೂ ಇದೇ ಸಂಸ್ಥೆ. ಪದವಲ್ಲದ ಪದ, ಗೊತ್ತಿಲ್ಲದ ಬಲ್ಗೇರಿಯನ್, ಅರೆಗೊತ್ತಿರುವ ಜರ್ಮನ್ ಮೂರೂ ಇಲ್ಲಿ ಒಂದೇ ಕಪಾಟಿನಲ್ಲಿ ಕುಳಿತವು. ಮೂರರ ಸಮಾನ ಗುಣ, ಕೇಳುಗನನ್ನು ಅರ್ಥದ ಹೊಣೆಯಿಂದ ಬಿಡಿಸುವುದು. ಆದರೆ ಫ್ರೇಜರ್‌ಳ ಹಾಡು ಎಲ್ಲರಿಗೂ ಸಮಾನವಾಗಿ ಅಸ್ಪಷ್ಟ. ಹೂವೆಯ ಹಾಡು ಅಸ್ಪಷ್ಟವಾದದ್ದು ಗಡಿಯ ಒಂದು ಬದಿಗೆ ಮಾತ್ರ. ಈ ಭೇದವನ್ನು ಕಪಾಟು ಅಳಿಸಿಹಾಕಿತು.

ಜರ್ಮನ್ ಎಂದರೆ ಭಯಾನಕ ಎಂಬ ಇಂಗ್ಲಿಷ್ ಕಲ್ಪನೆಗೆ ಹಿಟ್ಲರನಿಗಿಂತ ಹಳೆಯ ಬೇರುಗಳಿವೆ. ಸಂಗೀತ ವಿಮರ್ಶಕರು ಎರಡನೆಯ ಮಹಾಯುದ್ಧಕ್ಕೆ ಬಂದು ನಿಲ್ಲುತ್ತಾರೆ. ಸಾಹಿತ್ಯದ ವಿದ್ಯಾರ್ಥಿ ಇನ್ನೂ ನೂರೈವತ್ತು ವರ್ಷ ಹಿಂದೆ ಹೋಗಬೇಕಾಗುತ್ತದೆ. ಹೊರೇಸ್ ವಾಲ್‌ಪೋಲ್ 'ದ ಕ್ಯಾಸಲ್ ಆಫ್ ಒಟ್ರಾಂಟೋ'ದ 1765ರ ಎರಡನೆಯ ಮುದ್ರಣಕ್ಕೆ 'ಗಾಥಿಕ್ ಕಥೆ' ಎಂಬ ಉಪಶೀರ್ಷಿಕೆ ಕೊಟ್ಟ. 1790ರ ದಶಕದಲ್ಲಿ ಆ ಪ್ರಕಾರ ಉಕ್ಕಿ ಹರಿದಾಗ ಅದರ ಇಂಧನ ಬಂದದ್ದು ಬಹಳಮಟ್ಟಿಗೆ ಜರ್ಮನ್‌ನಿಂದ. ಜೇನ್ ಆಸ್ಟೆನ್‌ಳ 'ನಾರ್ಥಾಂಗರ್ ಆಬಿ'ಯಲ್ಲಿ ಇಸಬೆಲ್ಲಾ ತನ್ನ ಗೆಳತಿಗೆ ಓದಲು ಸೂಚಿಸುವ ಏಳು ಭೀಕರ ಕಾದಂಬರಿಗಳ ಪಟ್ಟಿಯಿದೆ. ಆ ಏಳೂ ನಿಜವಾಗಿ ಪ್ರಕಟವಾದ ಪುಸ್ತಕಗಳು. ಅವುಗಳಲ್ಲಿ ಎರಡು ಜರ್ಮನ್‌ನಿಂದ ಅನುವಾದವಾದವು. ಹೆಚ್ಚು ಸ್ವಾರಸ್ಯವಿರುವುದು ಉಳಿದವುಗಳಲ್ಲಿ. ಎಲೈಜಾ ಪಾರ್ಸನ್ಸ್ ಎಂಬ ಇಂಗ್ಲಿಷ್ ಲೇಖಕಿ 1793ರಲ್ಲಿ ಇಂಗ್ಲಿಷ್‌ನಲ್ಲೇ ಬರೆದ 'ಕ್ಯಾಸಲ್ ಆಫ್ ವುಲ್ಫೆನ್‌ಬಾಖ್' ಕಾದಂಬರಿಗೆ 'ಒಂದು ಜರ್ಮನ್ ಕಥೆ' ಎಂಬ ಉಪಶೀರ್ಷಿಕೆ ಇತ್ತು. ಅನುವಾದವಲ್ಲದ್ದಕ್ಕೆ ಅನುವಾದದ ವಾಸನೆ ಹಚ್ಚಿದರೆ ಮಾರುಕಟ್ಟೆಯಲ್ಲಿ ಬೆಲೆ ಬರುತ್ತಿತ್ತು. ಮುಂದೆ ಎಡ್ಗರ್ ಆಲನ್ ಪೋ ತನ್ನ ಮೊದಲ ಕಥಾಸಂಕಲನದ ಮುನ್ನುಡಿಯಲ್ಲಿ, ತನ್ನ ಕಥೆಗಳ ಭೀತಿ ಜರ್ಮನಿಯಿಂದ ಎರವಲು ತಂದದ್ದೆಂಬ ಆಪಾದನೆಯನ್ನು ನಿರಾಕರಿಸಬೇಕಾಯಿತು. ಅಂದರೆ ಇಂಗ್ಲಿಷ್ ಓದುಗ ತನ್ನೊಳಗಿನ ಭಯಕ್ಕೆ ಒಂದು ಹೊರದೇಶದ ವಿಳಾಸವನ್ನು ಎರಡು ಶತಮಾನಗಳ ಹಿಂದೆಯೇ ಗೊತ್ತುಮಾಡಿಕೊಂಡಿದ್ದ. 1983ರಲ್ಲಿ ಹಾಂಬುರ್ಗಿನ ಐವರು ಬಂದು ಬಾಗಿಲು ತಟ್ಟಿದಾಗ ಅವರಿಗಾಗಿ ಕೋಣೆ ಸಿದ್ಧವಾಗಿಯೇ ಇತ್ತು. ಆ ಕೋಣೆಯಲ್ಲಿ ಅವರು ಏನು ಹೇಳಿದರೂ ಅದು ಭೀಕರವಾಗಿಯೇ ಕೇಳಬೇಕಿತ್ತು.

'ಫೆಟಿಶ್' ಎಂಬ ಪದದ ಪ್ರಯಾಣವೂ ಇಲ್ಲಿ ಪ್ರಸ್ತುತ. ಅದು ಜರ್ಮನ್‌ಗೆ ಫ್ರೆಂಚಿನ ಮೂಲಕ ಬಂದ ಪೋರ್ಚುಗೀಸ್ ಪದ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ವ್ಯಾಪಾರಕ್ಕಿಳಿದ ಪೋರ್ಚುಗೀಸರು ಅಲ್ಲಿಯ ಜನರ ಪೂಜಾವಸ್ತುಗಳನ್ನು ತಮ್ಮೂರಿನ 'ಫೆಯಿತಿಸೊ' ಎಂಬ ಪದದಿಂದ ಕರೆದರು. ಆ ಪದದ ಅರ್ಥ ಮಾಟ. ವಿಲಿಯಂ ಪೀಟ್ಸ್ 1980ರ ದಶಕದಲ್ಲಿ ಬರೆದ ಪ್ರಬಂಧಗಳಲ್ಲಿ ತೋರಿಸಿದಂತೆ, ಈ ಪರಿಕಲ್ಪನೆ ಆಫ್ರಿಕಾದ್ದೂ ಅಲ್ಲ, ಯುರೋಪಿನದೂ ಅಲ್ಲ. ಪರಸ್ಪರ ಅರ್ಥವಾಗದ ಎರಡು ಲೋಕಗಳು ವ್ಯಾಪಾರಕ್ಕೆಂದು ಕೂಡಿದ ಜಾಗದಲ್ಲಿ ಹುಟ್ಟಿದ್ದು. ಆ ಪೋರ್ಚುಗೀಸ್ ಪದದ ಮೂಲ ಲ್ಯಾಟಿನ್ನಿನ 'ಮಾಡಿದ್ದು, ಕೃತಕವಾದದ್ದು' ಎಂಬರ್ಥದ ಶಬ್ದ. ಕನ್ನಡದ 'ಮಾಟ' ಹುಟ್ಟಿದ್ದು 'ಮಾಡು' ಧಾತುವಿನಿಂದ; ಸಂಸ್ಕೃತದ 'ಕೃತ್ಯೆ' ಹುಟ್ಟಿದ್ದು 'ಕೃ' ಧಾತುವಿನಿಂದ. ಸಂಬಂಧವಿಲ್ಲದ ಭಾಷಾಕುಟುಂಬಗಳು ಒಂದೇ ದಾರಿ ಹಿಡಿದಿವೆ: ಮನುಷ್ಯ ತಾನೇ ಮಾಡಿದ ವಸ್ತುವಿಗೆ ತಾನೇ ವಶವಾಗುವುದೇ ಮಾಟ. ಲಂಡನ್ನಿನಲ್ಲಿ ಹಾಗೆ ವಶವಾದವರು ಕೇಳುಗರು, ಮಾಡಿದ ವಸ್ತು 'ಜರ್ಮನ್' ಎಂಬ ಧ್ವನಿ. ತಂಡ ತನ್ನ ಆಲ್ಬಮಿಗೆ ಇಟ್ಟ ಹೆಸರು ಅದರ ಸ್ವೀಕಾರಕ್ಕೇ ಸರಿಯಾಗಿ ಹೊಂದಿತು. ಇದು ಉದ್ದೇಶಪೂರ್ವಕವೆಂದು ನಾನು ವಾದಿಸುತ್ತಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಬಲವಾಗಿ ಇಡಬೇಕು. ಅರ್ಥವಿಲ್ಲದೆ ಕೇಳುವುದು ಕೀಳು ಬಗೆಯ ಕೇಳುವಿಕೆಯೆ? ಆನಂದವರ್ಧನನೇ ಹಾಗೆ ಭಾವಿಸಲಿಲ್ಲ. ವಾಚ್ಯಾರ್ಥವನ್ನು ಆಧರಿಸಿ ಧ್ವನಿಯನ್ನು ವಿವರಿಸಿದ ಆತ, ಗೀತದ ಶಬ್ದಗಳಿಂದಲೂ ರಸ ವ್ಯಕ್ತವಾಗುತ್ತದೆ, ಅಲ್ಲಿ ವಾಚ್ಯದ ಅಗತ್ಯವಿಲ್ಲ ಎಂದು 'ಧ್ವನ್ಯಾಲೋಕ'ದ ಮೂರನೆಯ ಉದ್ಯೋತದಲ್ಲಿ ಒಪ್ಪುತ್ತಾನೆ. ತ್ಯಾಗರಾಜರ ತೆಲುಗನ್ನು ತಿಳಿಯದೆ ಆನಂದಿಸಿದ ಕನ್ನಡ, ತಮಿಳು ಕೇಳುಗರ ತಲೆಮಾರುಗಳು ಇದಕ್ಕೆ ಸಾಕ್ಷಿ. ಆ ಏರ್ಪಾಡಿನ ವಿರುದ್ಧ 1940ರ ದಶಕದಲ್ಲಿ ತಮಿಳಿಸೈ ಚಳವಳಿ ಎದ್ದದ್ದೂ ಅಷ್ಟೇ ನಿಜವಾದ ಸಾಕ್ಷಿ. ಇನ್ನೊಂದು ನಿದರ್ಶನ ನಮಗೆ ಹೆಚ್ಚು ಹತ್ತಿರದ್ದು. ಮರಾಠಿಯಲ್ಲಿ 'ಕಾನಡಾ' ಎಂಬುದಕ್ಕೆ ಕನ್ನಡದ್ದು ಎಂಬ ಅರ್ಥದ ಜೊತೆಗೆ ಗೂಢವಾದದ್ದು, ತಿಳಿಯಲಾಗದ್ದು ಎಂಬ ಅರ್ಥವೂ ಉಂಟು. ಜ್ಞಾನೇಶ್ವರರ ಹೆಸರಿನಲ್ಲಿರುವ ಪ್ರಸಿದ್ಧ ಅಭಂಗ ವಿಠ್ಠಲನನ್ನು ಆ ಪದದಿಂದ ಕರೆಯುವಾಗ ದೇವರು ಕನ್ನಡನಾಡಿನವನು ಎಂದೂ ಅಗಮ್ಯನು ಎಂದೂ ವ್ಯಾಖ್ಯಾನಕಾರರು ಎರಡು ಅರ್ಥ ಹೇಳುತ್ತಾರೆ. ನೆರೆಯ ಕಿವಿಗೆ ನಿಲುಕದ ನಮ್ಮ ಭಾಷೆ ಅಲ್ಲಿ ದೈವದ ನಿಲುಕದ ಗುಣಕ್ಕೆ ಹೆಸರಾಯಿತು. ಸೊಲ್ಲಾಪುರದ ಕನ್ನಡಿಗ ಇದನ್ನು ಹೆಮ್ಮೆಯಿಂದ ಕೇಳಬೇಕೋ ಬೇಸರದಿಂದ ಕೇಳಬೇಕೋ? ನನಗೆ ಎರಡೂ ಆಗುತ್ತವೆ. ಪವಿತ್ರವಾಗುವುದು ದೊಡ್ಡದೇ, ಆದರೆ ಪವಿತ್ರವಾದವನಿಗೆ ಯಾರೂ ಉತ್ತರ ಕೊಡುವುದಿಲ್ಲ.

ಕಾಸರಗೋಡಿನ ಕಲೆಗಳಿಂದ ಒಂದು ಭೇದವನ್ನು ಎರವಲು ಪಡೆದರೆ ಈ ತೊಡಕು ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಯಕ್ಷಗಾನ ಬಯಲಾಟ ಕನ್ನಡ ತಿಳಿಯದ ಪ್ರೇಕ್ಷಕರ ಮುಂದೆಯೂ ನಡೆಯಬಲ್ಲದು, ನಡೆಯುತ್ತಿದೆ. ಚೆಂಡೆಯಿದೆ, ವೇಷವಿದೆ, ಕುಣಿತವಿದೆ. ಪರಸ್ಥಳದ ಪ್ರೇಕ್ಷಕ ತೃಪ್ತನಾಗಿ ಎದ್ದುಹೋಗುತ್ತಾನೆ. ತಾಳಮದ್ದಳೆ ಹಾಗೆ ಪ್ರಯಾಣ ಮಾಡಲಾರದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಕುಳಿತಲ್ಲೇ ಅರ್ಥ ಹೇಳುವವರ ಮಾತೇ ಸರ್ವಸ್ವ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕನ್ನಡ ಬಾರದವನು ಕೇಳಿ ಏನು ಪಡೆದಾನು? 'ಅರ್ಥ' ಎಂಬ ಪದವನ್ನೇ ಆ ಕಲೆ ತನ್ನ ಮುಖ್ಯ ಅಂಗಕ್ಕೆ ಹೆಸರಾಗಿ ಇಟ್ಟುಕೊಂಡಿದೆ. ಪ್ರತಿಯೊಂದು ಹಾಡಿನಲ್ಲೂ ಒಂದು ಬಯಲಾಟದ ಭಾಗ, ಒಂದು ತಾಳಮದ್ದಳೆಯ ಭಾಗ ಇರುತ್ತದೆ ಎಂದುಕೊಂಡರೆ, ಲಂಡನ್ 'ಫೆಟಿಶ್'ನ ಬಯಲಾಟವನ್ನು ಕಂಡಿತು. ಅದು ಸುಳ್ಳು ನೋಟವಲ್ಲ, ಚೆಂಡೆಯೂ ನಿಜವೇ. ಹಾಡಿಕೆಯೊಳಗಿನ ಅರ್ಥಗಾರಿಕೆ ಮಾತ್ರ ಹಾಂಬುರ್ಗಿನಲ್ಲೇ ಉಳಿಯಿತು.

ಆ ಅರ್ಥವನ್ನು ದಾಟಿಸಲು ಬೇರೆ ದಾರಿಗಳಿರಲಿಲ್ಲವೆಂದಲ್ಲ. ಡ್ಯುಸೆಲ್‌ಡಾರ್ಫಿನ ಕ್ರಾಫ್ಟ್‌ವೆರ್ಕ್ ತಂಡ 1977ರಿಂದಲೇ ತನ್ನ ಆಲ್ಬಮ್‌ಗಳನ್ನು ಜರ್ಮನ್ ಮತ್ತು ಇಂಗ್ಲಿಷ್ ಎರಡು ಆವೃತ್ತಿಗಳಲ್ಲಿ ಹೊರತರುತ್ತಿತ್ತು. ನೇನಾ ತಂಡದ ಬಲೂನುಗಳ ಹಾಡು 1984ರಲ್ಲಿ ಬ್ರಿಟನ್ನಿನ ಮುಖ್ಯ ಪಟ್ಟಿಯ ತುದಿ ಮುಟ್ಟಿದ್ದು ಇಂಗ್ಲಿಷ್ ರೂಪದಲ್ಲಿ. ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿದ್ದು ಮೂಲ ಜರ್ಮನ್ ರೂಪದಲ್ಲಿ. ಅಣುಯುದ್ಧದ ಭೀತಿಯ ಆ ಹಾಡನ್ನು ಅಮೆರಿಕದ ಎಷ್ಟು ಮಂದಿ ಕುಣಿದು ಮರೆತರೋ! ಇಕ್ಸ್‌ಮಾಲ್ ಡಾಯ್ಚ್‌ಲಾಂಟ್ ಎರಡು ಆವೃತ್ತಿಗಳ ಈ ಮಾರ್ಗವನ್ನು ಹಿಡಿಯಲಿಲ್ಲ. ಹಿಡಿಯದಿದ್ದದ್ದು ಅದರ ಹಟ. ಆ ಹಟವೇ 'ಫೆಟಿಶ್'ಗೆ ಅದರ ಅಂಚನ್ನು ಕೊಟ್ಟಿದೆ ಎಂದು ನಾನು ನಂಬುತ್ತೇನೆ. ಅನುವಾದಿಸಿಕೊಳ್ಳಲು ಒಪ್ಪದ ಕೃತಿಯನ್ನು ತಪ್ಪಾಗಿ ಕೇಳಬಹುದು, ಆದರೆ ಅದನ್ನು ಬದಲಿಸಿ ಕೇಳಲಾಗದು; ಸರಿಯಾಗಿ ಕೇಳುವ ಅವಕಾಶ ನಲವತ್ತು ವರ್ಷಗಳ ಮೇಲೂ ಅದರಲ್ಲಿ ಉಳಿದಿರುತ್ತದೆ. 2024ರಲ್ಲಿ ತಂಡದ ಆರಂಭದ ಬಿಡಿ ಮುದ್ರಿಕೆಗಳು ಸೇಕ್ರೆಡ್ ಬೋನ್ಸ್ ಎಂಬ ಅಮೆರಿಕನ್ ಸಂಸ್ಥೆಯಿಂದ ಮತ್ತೆ ಹೊರಬಂದ ಹೊತ್ತಿಗೆ, ಹಾಡಿನ ಪದಗಳನ್ನು ಹುಡುಕಿ ಅನುವಾದಿಸಿಕೊಳ್ಳುವ ಕೇಳುಗರು ಎಲ್ಲ ದೇಶಗಳಲ್ಲೂ ಇದ್ದರು. 1983ರ ಕೇಳುಗನಿಗೆ ಆ ಸೌಲಭ್ಯ ಇರಲಿಲ್ಲ ಎಂಬುದನ್ನೂ ಅವನ ಪರವಾಗಿ ಹೇಳಬೇಕು.

ತಂಡದ ಮುಂದಿನ ದಾರಿ ಈ ಚರ್ಚೆಗೆ ಒಂದು ವಿಚಿತ್ರ ತಿರುವು ಕೊಡುತ್ತದೆ. 1984ರ 'ಟಾಕ್ಸಿನ್' ಆಲ್ಬಮ್ ಮಿಕ್ ಗ್ಲಾಸಪ್‌ನ ನಿರ್ಮಾಣದಲ್ಲಿ ಹೆಚ್ಚು ವಿಶಾಲವಾದ ಧ್ವನಿ ಪಡೆಯಿತು. ಸಂಯೋಜನೆಯ ದೃಷ್ಟಿಯಿಂದ ಅದು 'ಫೆಟಿಶ್'ಗಿಂತ ಮೇಲು. ಫೋರ್ ಎ.ಡಿ.ಯನ್ನು ಬಿಟ್ಟ ನಂತರ 1987ರಲ್ಲಿ ಬಂದ 'ವಿವಾ'ದಲ್ಲಿ ಇಂಗ್ಲಿಷ್ ಹೆಚ್ಚಿತು, 1989ರ 'ಡೆವಿಲ್ಸ್'ನಲ್ಲಿ ಇನ್ನಷ್ಟು. ಆಮೇಲೆ ತಂಡವೇ ಉಳಿಯಲಿಲ್ಲ, ಹೂವೆ ಚಿತ್ರಕಲೆಯತ್ತ ಹೊರಳಿದಳು. ಲಂಡನ್ನಿನಲ್ಲಿ ಮುದ್ರಿಸಿದಾಗ ಜರ್ಮನ್‌ನಲ್ಲಿ ಹಾಡಿದವರು, ಹಾಂಬುರ್ಗಿಗೆ ಮರಳಿ 'ವಿವಾ' ಮುದ್ರಿಸುವಾಗ ಇಂಗ್ಲಿಷಿಗೆ ಕೈಚಾಚಿದರು. ಇದನ್ನು ಮಾರುಕಟ್ಟೆಗೆ ಶರಣಾಗತಿ ಎಂದು ತಳ್ಳಿಹಾಕುವವರಿದ್ದಾರೆ. ಆ ತೀರ್ಪು ನನಗೆ ಅವಸರದ್ದೆನಿಸುತ್ತದೆ. ತಮ್ಮ ಮಾತು ಬರಿಯ ನಾದವಾಗಿ ಕೇಳಿಸುತ್ತಿದೆ ಎಂದು ಹಲವು ವರ್ಷ ಊರೂರು ಸುತ್ತಿ ಕಂಡುಕೊಂಡವರು, ಒಮ್ಮೆಯಾದರೂ ಅರ್ಥವಾಗಬೇಕೆಂದು ಬಯಸಿದರೆ ಅದನ್ನು ದುರಾಸೆ ಎನ್ನಲಾಗದು. ಅದರ ಫಲ ಮಾತ್ರ ಸಪ್ಪೆಯಾಯಿತು. 'ವಿವಾ'ದಲ್ಲಿ ಉಳಿದಿರುವ ಜರ್ಮನ್, ಈಗ ತಂಡದ ಕೈಯಲ್ಲೇ, ಒಂದು ಬಣ್ಣವಾಗಿದೆ. ಲಂಡನ್ ಕೇಳುತ್ತಿದ್ದ ರೀತಿಯಲ್ಲೇ ತಂಡವೂ ತನ್ನನ್ನು ಕೇಳಿಸಿಕೊಳ್ಳತೊಡಗಿದಂತೆ.

ಆ ಆಲ್ಬಮಿನ ಒಂದು ಹಾಡಿಗೆ ಎಮಿಲಿ ಡಿಕಿನ್ಸನ್‌ಳ ಕವಿತೆಯನ್ನು ಬಳಸಲಾಗಿದೆ. ಮಗುವಿನ ಮುಗ್ಧ ಪ್ರಶ್ನೆಗಳಿಂದ ಕಟ್ಟಿದ, ಸರಳ ಪದಗಳ ಕವಿತೆ. ಇಂಗ್ಲಿಷ್ ಬಲ್ಲ ಯಾರಿಗೂ ಒಂದು ಪದವೂ ತಪ್ಪುವುದಿಲ್ಲ. 'ಫೆಟಿಶ್' ಮೂಕ ಮಗುವಿನ ಹಾಡಿನೊಂದಿಗೆ ಮುಗಿದಿತ್ತು. ಇಲ್ಲಿ ಮಾತು ಬಂದ ಮಗು ಕೇಳುತ್ತಿದೆ, ಇಂಗ್ಲಿಷಿನಲ್ಲಿ. ಹೂವೆ ಎಚ್ಚರದಿಂದ ಹಾಡುತ್ತಾಳೆ, ವ್ಯಂಜನಗಳನ್ನು ಮೆತ್ತಗಾಗಿಸುತ್ತಾಳೆ, ಸ್ವರಗಳನ್ನು ಸರಿಯಾದ ಜಾಗದಲ್ಲಿ ಇಡಲು ಯತ್ನಿಸುತ್ತಾಳೆ. ಪದಗಳೆಲ್ಲ ತಿಳಿದ ಮೇಲೆ ಕಿವಿ ಬೇರೊಂದು ಕಡೆ ಹೊರಳುತ್ತದೆ. ಈಗ ಎದ್ದು ಕೇಳಿಸುವುದು ಆಕೆಯ ಜರ್ಮನ್ ಉಚ್ಚಾರ.